ಕಣ್ಣಿಗೆ ಕಾಣದ ಬೆಳಕಿನ ಬಗ್ಗೆ ಡಿಆರ್‌ಡಿಒಗೆ ಒಂದು ಬಹಿರಂಗ ಪತ್ರ

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಧ್ಯಕ್ಷರಿಗೆ, ಹೈದರಾಬಾದಿನಲ್ಲಿ ಲೇಸರ್ ಆಯುಧ ರೂಪಿಸುವ ನಿಮ್ಮ ಚೆಸ್ ಪ್ರಯೋಗಾಲಯದವರಿಗೆ, ಬೆಂಗಳೂರಿನ ಜಾಲಹಳ್ಳಿಯಲ್ಲಿ, ಸಿ.ವಿ. ರಾಮನ್ ನಗರದಲ್ಲಿ ಕೆಲಸ ಮಾಡುವ ಎಲ್ಲ ವಿಜ್ಞಾನಿಗಳಿಗೆ ನಮಸ್ಕಾರ.

ನಾನು ಬಳ್ಳಾರಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಆಪ್ಟೋಮೆಟ್ರಿಸ್ಟ್ ಅಂತಾರೆ. ಹದಿನೇಳು ವರ್ಷದಿಂದ ಇದೇ ಕೆಲಸ. ಆಯುಧಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಪತ್ರಿಕೆಯಲ್ಲಿ, ಸರ್ಕಾರದ ಪ್ರಕಟಣೆಗಳಲ್ಲಿ ಓದಿದ್ದು ಅಷ್ಟೇ. ಆದರೆ ಬೆಳಕು ಒಂದು ಕಣ್ಣಿಗೆ ಏನು ಮಾಡಬಲ್ಲದು ಅನ್ನೋದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ, ನಿಮ್ಮ ಲೇಸರ್ ಆಯುಧಗಳಿಂದ ಜನರ ಕಣ್ಣನ್ನು ಹೇಗೆ ಕಾಪಾಡುತ್ತೀರಿ ಅಂತ ಕೇಳಲು ಈ ಪತ್ರ.

2025ರ ಏಪ್ರಿಲ್ 13ರಂದು ಕರ್ನೂಲಿನ ನಿಮ್ಮ ಪರೀಕ್ಷಾ ಮೈದಾನದಲ್ಲಿ ಲೇಸರ್ ಆಯುಧದ ಪ್ರದರ್ಶನ ನಡೆಯಿತು. ವಾಹನದ ಮೇಲೆ ಕೂರಿಸಿದ ಮಾರ್ಕ್-2(ಎ) ಯಂತ್ರ, 30 ಕಿಲೋವ್ಯಾಟ್ ಶಕ್ತಿಯದು. ರೆಕ್ಕೆಯ ಡ್ರೋನನ್ನು ಸುಟ್ಟು ಕೆಡವಿತು, ಗುಂಪಾಗಿ ಬಂದ ಡ್ರೋನ್‌ಗಳನ್ನು ತಡೆಯಿತು, ಕಣ್ಗಾವಲಿನ ಸೆನ್ಸರ್‌ಗಳನ್ನೂ ಕೆಲಸಕ್ಕೆ ಬಾರದಂತೆ ಮಾಡಿತು. ಕೆಲವು ಸೆಕೆಂಡು ಹಾರಿಸಲು ಒಂದೆರಡು ಲೀಟರ್ ಪೆಟ್ರೋಲಿನ ಖರ್ಚು ಸಾಕು ಅಂತ ನೀವೇ ಹೇಳಿದಿರಿ. ಆ ವಿಡಿಯೋವನ್ನು ನಾನು ಮೂರು ನಾಲ್ಕು ಸಲ ನೋಡಿದೆ. ಗುಂಡಿನ ಶಬ್ದ ಇಲ್ಲ, ಹೊಗೆಯ ಗೆರೆ ಇಲ್ಲ, ಯಂತ್ರದಿಂದ ಡ್ರೋನ್‌ವರೆಗೆ ನಡುವೆ ಏನೂ ಕಾಣುವುದಿಲ್ಲ, ಸುಮ್ನೆ ಹಾರುತ್ತಿದ್ದ ವಸ್ತುವಿಗೆ ತನ್ನಷ್ಟಕ್ಕೆ ಬೆಂಕಿ ಹತ್ತಿಕೊಂಡಂತೆ. ಹೆಮ್ಮೆ ಆಯಿತು. ಇಂಥ ಆಯುಧ ಇರುವ ದೇಶಗಳು ಬೆರಳೆಣಿಕೆಯಷ್ಟು, ಅದರಲ್ಲಿ ನಾವೂ ಸೇರಿದೆವಲ್ಲ ಅಂತ. ಅದರ ಹಿಂದೆಯೇ ಒಬ್ಬ ಹುಡುಗ ನೆನಪಾದ.

ಏಳನೇ ಕ್ಲಾಸಿನ ಹುಡುಗ. ಜಾತ್ರೆಯಲ್ಲಿ ಅವನ ಮಾವ ಒಂದು ಲೇಸರ್ ಲೈಟ್ ಕೊಡಿಸಿದ್ದರು, ಹಸಿರು ಬಣ್ಣದ್ದು, ಪೆನ್ನಿನಷ್ಟು ಉದ್ದ. ತಮ್ಮನ ಜೊತೆ ಆಡುತ್ತಾ ಯಾರು ಕಣ್ಣು ಮಿಟುಕಿಸದೆ ಜಾಸ್ತಿ ಹೊತ್ತು ನೋಡ್ತಾರೆ ಅಂತ ಪಂದ್ಯ ಕಟ್ಟಿದ್ದರು. ನಮ್ಮಲ್ಲಿಗೆ ಬರುವ ಹೊತ್ತಿಗೆ ಮೂರು ವಾರ ಆಗಿತ್ತು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಬರೀ ಹೊರಗಿನಿಂದ ನೋಡಿದರೆ ಚೆನ್ನಾಗಿರುವ ಕಣ್ಣು. ಬಲಗಣ್ಣು ಮುಚ್ಚಿಸಿ ಚಾರ್ಟ್ ಓದಿಸಿದೆ. "ಅಕ್ಕಾ, ಅಕ್ಷರ ನೋಡಿದ್ರೆ ಅಕ್ಷರಾನೇ ಇರಲ್ಲ, ಪಕ್ಕದ್ದು ಕಾಣ್ಸುತ್ತೆ" ಅಂದ. ಸ್ಕ್ಯಾನ್ ಮಾಡಿದಾಗ ಕಣ್ಣಿನ ಒಳಗಿನ ಪರದೆಯ (ರೆಟಿನಾ ಅಂತಾರೆ) ನಡುಮಧ್ಯೆ, ನಾವು ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬಳಸುವ ಜಾಗದಲ್ಲೇ ಸುಟ್ಟ ಗುರುತು. ಡಾಕ್ಟರ್ ಅವನ ಅಮ್ಮನಿಗೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: ಕನ್ನಡಕದಿಂದ ಇದು ಸರಿ ಹೋಗಲ್ಲಮ್ಮ, ಆಪರೇಷನ್ ಕೂಡ ಇಲ್ಲ. ಆಯಮ್ಮ ಮತ್ತೆ ಮತ್ತೆ ಕೇಳುತ್ತಿದ್ದರು, ಡ್ರಾಪ್ಸ್ ಆದ್ರೂ ಬರ್ಕೊಡಿ ಸರ್ ಅಂತ.

ಅಮೆರಿಕದಲ್ಲಿ ಇಂಥ ಕೈ ಲೇಸರ್‌ಗೆ 5 ಮಿಲಿವ್ಯಾಟ್ ಅಂತ ಮಿತಿ ಇದೆ. ಆ ಹುಡುಗನ ಕೈಯಲ್ಲಿದ್ದದ್ದು ಅದಕ್ಕಿಂತ ಜಾಸ್ತಿಯದೇ ಇರಬೇಕು, ಮೇಲೆ ಒಂದು ಚೀಟಿ ಕೂಡ ಇರಲಿಲ್ಲ. ನಿಮ್ಮ ಯಂತ್ರ 30 ಕಿಲೋವ್ಯಾಟ್. 5 ಮಿಲಿವ್ಯಾಟ್‌ಗೆ ಹೋಲಿಸಿದರೆ 60 ಲಕ್ಷ ಪಟ್ಟು.

ಇನ್ನೊಂದು ವಿಷಯ ಇದೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುವುದೇ, ಆದರೆ ಓದುವ ಉಳಿದವರಿಗಾಗಿ ಬರೆಯುತ್ತೇನೆ. ಇವತ್ತಿನ ಲೇಸರ್ ಆಯುಧಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ, ಆಸುಪಾಸಿನ ಅಲೆಯುದ್ದದ ಬೆಳಕು ಬಳಸುತ್ತವೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ಕಣ್ಣಿನೊಳಗೆ ಹೋಗುತ್ತದೆ, ಕಣ್ಣಿನ ಮಸೂರ ಅದನ್ನು ಎಲ್ಲಾ ಬೆಳಕಿನಂತೆಯೇ ಪರದೆಯ ಮೇಲೆ ಒಂದು ಚುಕ್ಕೆಗೆ ಕೂಡಿಸುತ್ತದೆ, ಹಾಗೆ ಕೂಡಿಸುವಾಗ ಅದರ ತೀವ್ರತೆ ಒಂದು ಲಕ್ಷ ಪಟ್ಟು ಹೆಚ್ಚಾಗಬಹುದು. ಜೋರು ಬೆಳಕು ಬಿದ್ದರೆ ನಾವು ಕಾಲು ಸೆಕೆಂಡಿನೊಳಗೆ ಕಣ್ಣು ಮುಚ್ಚುತ್ತೇವೆ, ದೇವರು ಕೊಟ್ಟ ಕಾವಲು ಅದು. ಕಾಣದ ಬೆಳಕಿಗೆ ಆ ಕಾವಲು ಏಳುವುದೇ ಇಲ್ಲ. ಪರದೆಗೆ ನೋವಿನ ಅರಿವೂ ಇಲ್ಲ. ಹಾಗಾಗಿ ಸುಟ್ಟವನಿಗೆ ಸುಟ್ಟಿದ್ದು ತಕ್ಷಣ ಗೊತ್ತೇ ಆಗದೆ ಇರಬಹುದು. ಮನೆಗೆ ಹೋಗಿ ಊಟ ಮಾಡುವಾಗ, ತಟ್ಟೆಯ ನಡುವೆ ಒಂದು ಕಪ್ಪು ಮಚ್ಚೆ ಯಾಕೆ ಅಲುಗಾಡುತ್ತಿದೆ ಅಂತ ಅನ್ನಿಸಬಹುದು.

ಮೇಲಕ್ಕೆ ಗುರಿಯಿಟ್ಟ ಕಿರಣ ಆಕಾಶಕ್ಕೆ ಹೋಗುತ್ತೆ, ನೆಲದ ಮೇಲಿರುವವರಿಗೆ ಅಪಾಯ ಕಡಿಮೆ, ಇದನ್ನು ಒಪ್ಪುತ್ತೇನೆ. ಆದರೆ ಡ್ರೋನ್‌ಗಳು ಯಾವಾಗಲೂ ಎತ್ತರದಲ್ಲೇ ಬರುವುದಿಲ್ಲವಲ್ಲ. ಮರದ ತುದಿಯ ಮಟ್ಟದಲ್ಲಿ, ಗುಡ್ಡದ ಸಂದಿನಲ್ಲಿ ಬರುತ್ತವೆ. ಗುರಿ ತಪ್ಪಿದ ಕಿರಣ ಗುಂಡಿನಂತೆ ಕೆಳಗೆ ಬಿದ್ದು ಮಣ್ಣಿನಲ್ಲಿ ಸೇರುವುದಿಲ್ಲ, ನೇರ ಮುಂದಕ್ಕೆ ಹೋಗುತ್ತದೆ. ಗುರಿ ತಾಗಿದರೂ ಡ್ರೋನಿನ ಹೊಳೆಯುವ ಭಾಗದಿಂದ ಒಂದಿಷ್ಟು ಬೆಳಕು ಎಲ್ಲಿಗೋ ಚಿಮ್ಮುತ್ತದೆ. ಎಲ್ಲಿಗೆ? ಎಷ್ಟು ದೂರದವರೆಗೆ ಅದು ಬರಿಗಣ್ಣಿಗೆ ಅಪಾಯ? ಈ ಲೆಕ್ಕ ನಿಮ್ಮ ಬಳಿ ಖಂಡಿತ ಇರುತ್ತದೆ. ಲೇಸರ್ ಇಟ್ಟುಕೊಂಡ ಯಾವ ಪ್ರಯೋಗಾಲಯವೂ ಆ ಲೆಕ್ಕ ಹಾಕದೆ ಬಾಗಿಲು ತೆರೆಯುವುದಿಲ್ಲ. ನಾನು ಕೇಳುತ್ತಿರುವುದು ಆ ಲೆಕ್ಕದ ಸಾರವನ್ನು ಜನರಿಗೆ ಹೇಳಿ ಅಂತ, ಅಷ್ಟೇ.

ತಪ್ಪು ತಿಳಿಯಬೇಡಿ, ಈ ಆಯುಧ ಬೇಡ ಅನ್ನುವವಳಲ್ಲ ನಾನು. 2025ರ ಮೇ 8ರ ರಾತ್ರಿ ನಾವೆಲ್ಲ ನಿದ್ದೆ ಮಾಡಿರಲಿಲ್ಲ. ಪಾಕಿಸ್ತಾನದ ಕಡೆಯಿಂದ 36 ಜಾಗಗಳತ್ತ 300ರಿಂದ 400 ಡ್ರೋನ್ ಬಂದವು ಅಂತ ಮರುದಿನ ಸರ್ಕಾರವೇ ಹೇಳಿತು. ಅಗ್ಗದ ಡ್ರೋನನ್ನು ಹೊಡೆಯಲು ದುಬಾರಿ ಕ್ಷಿಪಣಿ ಎಷ್ಟು ದಿನ ಹಾರಿಸೋಕಾಗುತ್ತೆ? ಕ್ಷಿಪಣಿ ಖಾಲಿಯಾಗುತ್ತದೆ, ಲೇಸರ್‌ಗೆ ವಿದ್ಯುತ್ ಇದ್ದರೆ ಸಾಕು. ಬ್ರಿಟನ್ನಿನವರು ತಮ್ಮ ಡ್ರ್ಯಾಗನ್‌ಫೈರ್ ಲೇಸರನ್ನು ಒಂದು ಸಲ ಹಾರಿಸಲು ಸುಮಾರು 10 ಪೌಂಡ್ ಅಂತಾರೆ. ಅಮೆರಿಕ 2014ರಲ್ಲೇ ಪರ್ಷಿಯನ್ ಕೊಲ್ಲಿಯಲ್ಲಿ ಪೋನ್ಸ್ ಹಡಗಿನ ಮೇಲೆ 30 ಕಿಲೋವ್ಯಾಟಿನ ಲೇಸರ್ ಇಟ್ಟಿತ್ತು. 2025ರ ಆಗಸ್ಟ್ 23ರಂದು ನೀವು ಒಡಿಶಾ ಕರಾವಳಿಯಲ್ಲಿ ಎರಡು ಬಗೆಯ ಕ್ಷಿಪಣಿ, ಜೊತೆಗೆ ಲೇಸರ್, ಮೂರನ್ನೂ ಒಂದೇ ಹಿಡಿತದಲ್ಲಿ ಸೇರಿಸಿ ಮೂರು ಗುರಿ ಹೊಡೆದಿರಿ. ಗಡಿಯಲ್ಲಿರುವ ಮಕ್ಕಳು ಉಳಿಯುವುದಾದರೆ ಈ ಯಂತ್ರ ಇನ್ನೂ ಬೇಗ ಬರಲಿ. ನಮ್ಮ ಕಡೆಯಿಂದಲೂ ಸೇನೆಗೆ ಹೋದ ಹುಡುಗರು ಬೇಕಾದಷ್ಟಿದ್ದಾರೆ, ಅವರಲ್ಲಿ ಕೆಲವರ ದೃಷ್ಟಿ ಪರೀಕ್ಷೆಯನ್ನು ಭರ್ತಿಗೆ ಹೋಗುವ ಮುಂಚೆ ನಾನೇ ಮಾಡಿದ್ದೇನೆ. ಆರಕ್ಕೆ ಆರು ಅಂತ ಬರೆದುಕೊಟ್ಟಿದ್ದೇನೆ. ಆ ಕಣ್ಣು ಹಾಗೇ ವಾಪಸ್ ಬರಬೇಕು ಅನ್ನೋ ಆಸೆ ನನಗಿದೆ.

ಕುರುಡು ಮಾಡುವ ಲೇಸರ್‌ಗಳನ್ನು ಜಗತ್ತು 1995ರಲ್ಲೇ ನಿಷೇಧಿಸಿತು. ಆ ವರ್ಷ ಅಕ್ಟೋಬರ್ 13ರಂದು ವಿಯೆನ್ನಾದಲ್ಲಿ ಒಪ್ಪಿದ್ದು ಅದು, ಕೆಲವು ಬಗೆಯ ಆಯುಧಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿಸಿದ ನಾಲ್ಕನೇ ಪ್ರೋಟೋಕಾಲ್, 1998ರಿಂದ ಜಾರಿಯಲ್ಲಿದೆ, ಭಾರತವೂ ಅದಕ್ಕೆ ಸೇರಿದೆ. ಕಣ್ಣಿನ ಕೆಲಸ ಮಾಡುವವಳಾಗಿ ನನಗೆ ಇದರಷ್ಟು ಸಮಾಧಾನ ಕೊಡುವ ಕಾಗದ ಇನ್ನೊಂದಿಲ್ಲ. ಸಾವಿರಾರು ಸೈನಿಕರು ಕಣ್ಣು ಕಳೆದುಕೊಂಡ ಮೇಲೆ ಬಂದ ಕಾನೂನಲ್ಲ ಅದು, ಮುಂಚೆಯೇ ಬಂದದ್ದು. ರಣರಂಗಕ್ಕೆ ಇಳಿಯುವ ಮೊದಲೇ ಒಂದು ಆಯುಧವನ್ನು ಜಗತ್ತು ತಡೆದದ್ದು 1868ರ ನಂತರ ಅದೇ ಮೊದಲು ಅಂತ ರೆಡ್‌ಕ್ರಾಸ್‌ನವರು ಹೇಳುತ್ತಾರೆ. 1995ರಲ್ಲೇ ಚೀನಾ ಕಣ್ಣು ಕೆಡಿಸಬಲ್ಲ ಲೇಸರೊಂದನ್ನು ಮಾರಾಟದ ಪ್ರದರ್ಶನಕ್ಕೇ ಇಟ್ಟಿತ್ತು, ಅಮೆರಿಕ ತನ್ನ ಅಂಥದ್ದೊಂದು ಯೋಜನೆಯನ್ನು ಕೈಬಿಟ್ಟಿತ್ತು. ಅಂದರೆ ಬಾಗಿಲು ತೆರೆದೇ ಇತ್ತು, ಹೊಸ್ತಿಲಲ್ಲಿ ನಿಂತು ಮುಚ್ಚಿದರು.

ಆದರೆ ಪೂರ್ತಿ ಮುಚ್ಚಲಿಲ್ಲ. ಬೇಕೆಂದೇ ಬರಿಗಣ್ಣನ್ನು ಶಾಶ್ವತವಾಗಿ ಕುರುಡು ಮಾಡಲೆಂದು ರೂಪಿಸಿದ ಲೇಸರ್‌ಗೆ ಮಾತ್ರ ಆ ನಿಷೇಧ. ಬೇರೆ ಉದ್ದೇಶಕ್ಕೆ, ಉದಾಹರಣೆಗೆ ಶತ್ರುವಿನ ಕ್ಯಾಮೆರಾ ಕೆಡಿಸಲು ಬಳಸುವಾಗ, ಜೊತೆಗೆ ಯಾರದೋ ಕಣ್ಣು ಹೋದರೆ ಅದು ನಿಷೇಧದೊಳಗೆ ಬರುವುದಿಲ್ಲ. ಹಾಗಂತ ಕೈತೊಳೆದುಕೊಳ್ಳಲೂ ಬಿಟ್ಟಿಲ್ಲ. ಶಾಶ್ವತ ಕುರುಡು ಆಗದಂತೆ ಸಾಧ್ಯವಿರುವ ಎಲ್ಲ ಎಚ್ಚರಿಕೆ ತೆಗೆದುಕೊಳ್ಳಬೇಕು, ಸೈನಿಕರಿಗೆ ಅದರ ತರಬೇತಿಯನ್ನೂ ಕೊಡಬೇಕು ಅಂತ ಎರಡನೇ ವಿಧಿ ಹೇಳುತ್ತದೆ. ನನ್ನ ಪತ್ರದ ತಿರುಳು ಇರುವುದು ಇಲ್ಲೇ. ಈಗ ನಮ್ಮ ಕೈಯಲ್ಲಿ 30 ಕಿಲೋವ್ಯಾಟ್ ಇದೆ, ಮುಂದೆ ಇನ್ನೂ ದೊಡ್ಡದು ಬರುತ್ತದೆ. ಆ ಎಲ್ಲ ಎಚ್ಚರಿಕೆ ಅಂದರೆ ನಮ್ಮ ದೇಶದಲ್ಲಿ ಏನೇನು? ಯಾರು ತೀರ್ಮಾನ ಮಾಡುತ್ತಾರೆ? ತರಬೇತಿ ಹೇಗಿರುತ್ತೆ? ಯಂತ್ರ ನಡೆಸುವ ನಮ್ಮದೇ ಹುಡುಗರಿಗೆ ಸರಿಯಾದ ಕನ್ನಡಕ ಸಿಗುತ್ತಾ, ವರ್ಷಕ್ಕೊಮ್ಮೆ ಅವರ ಪರದೆಯ ಸ್ಕ್ಯಾನ್ ಆಗುತ್ತಾ? ಆಯುಧದ ಬಗ್ಗೆ ಎಷ್ಟೊಂದು ಪ್ರಕಟಣೆ ಬಂತು, ಇದರ ಬಗ್ಗೆಯೂ ಒಂದು ಸಾಲು ಬರಲಿ ಅನ್ನೋದೇ ನನ್ನ ಬೇಡಿಕೆ.

ಇದೆಲ್ಲ ರಹಸ್ಯ, ಹೊರಗೆ ಹೇಳೋಕಾಗಲ್ಲ ಅಂತ ನೀವು ಅನ್ನಬಹುದು. ಕಿರಣವನ್ನು ಹೇಗೆ ಕೂಡಿಸುತ್ತೀರಿ, ಗುರಿಯನ್ನು ಹೇಗೆ ಹಿಡಿಯುತ್ತೀರಿ, ನನಗೆ ಬೇಡ. ಆದರೆ ಜನರ ಸುರಕ್ಷತೆಯ ವಿಷಯದಲ್ಲಿ ನಿಮ್ಮದೇ ಒಳ್ಳೆಯ ಪದ್ಧತಿ ಇದೆ, ಅದನ್ನೇ ನೆನಪಿಸುತ್ತೇನೆ. ಒಡಿಶಾದ ಚಾಂದಿಪುರದಲ್ಲಿ ದೊಡ್ಡ ಕ್ಷಿಪಣಿ ಹಾರಿಸುವ ದಿನ ಸುತ್ತಲಿನ ಹಳ್ಳಿಯವರನ್ನು ಮುಂಚೆಯೇ ಬೇರೆ ಕಡೆ ಕರೆದುಕೊಂಡು ಹೋಗುತ್ತಾರೆ, ದಿನದ ಪರಿಹಾರ ಕೊಡುತ್ತಾರೆ. 2024ರ ಜುಲೈನಲ್ಲಿ ಹೀಗೆ ಮೂರೂವರೆ ಕಿಲೋಮೀಟರ್ ಒಳಗಿನ 10 ಹಳ್ಳಿಗಳ 10 ಸಾವಿರಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಿದ್ದು ಪತ್ರಿಕೆಯಲ್ಲೇ ಬಂತು. ದೂರ ಎಷ್ಟು, ಯಾವ ಹಳ್ಳಿ, ಎಷ್ಟು ಹೊತ್ತು, ಎಲ್ಲವನ್ನೂ ಬಾಯಿಬಿಟ್ಟು ಹೇಳಿದರು. ಅದರಿಂದ ಕ್ಷಿಪಣಿಯ ಗುಟ್ಟೇನೂ ರಟ್ಟಾಗಲಿಲ್ಲ. ಕ್ಷಿಪಣಿಗೆ ಆಗುವುದು ಕಿರಣಕ್ಕೂ ಆಗಬೇಕಲ್ಲವೇ?

ಕರ್ನೂಲಿನ ಮೈದಾನ ಇರುವುದು ಓರ್ವಕಲ್ಲು ಮಂಡಲದ ಪಾಲಕೊಲನು ಊರಿನ ಬಳಿ. ನಮ್ಮ ಬಳ್ಳಾರಿಗೆ ಅದೇನು ದೂರದ ಊರಲ್ಲ. ಅದೇ ಬಿಸಿಲು, ಅದೇ ಕಲ್ಲುನೆಲ, ಮಾತಿನಲ್ಲಿ ಅರ್ಧ ತೆಲುಗು ಅರ್ಧ ಕನ್ನಡ. ಈ ಸೀಮೆಯಲ್ಲಿ ಕುರಿ ಕಾಯುವವರು ಮೇವು ಸಿಗುವ ಕಡೆಗೆ ಹೋಗುತ್ತಾರೆ, ಎಲ್ಲಿ ಬೇಲಿ ಎಲ್ಲಿ ಗಡಿ ಅಂತ ನಕ್ಷೆ ಹಿಡಿದು ನಡೆಯುವುದಿಲ್ಲ. ಅಂಥವರು ನಮ್ಮ ಕ್ಯಾಂಪಿಗೆ ಬಂದಾಗ ಅವರ ಕಣ್ಣು ನೋಡಿ ನಾನು ಬೆರಗಾಗಿದ್ದೇನೆ, ಅರವತ್ತು ದಾಟಿದವರಿಗೂ ದೂರದ ದೃಷ್ಟಿ ಎಷ್ಟು ಚುರುಕು! ಗುಡ್ಡದ ಆಚೆ ತಪ್ಪಿಸಿಕೊಂಡ ಮರಿಯನ್ನು ಬಣ್ಣ ಹೇಳಿ ಗುರುತಿಸುತ್ತಾರೆ. ಆ ಮೈದಾನದಿಂದ ಯಾರಿಗಾದರೂ ಏನಾದರೂ ಆಗಿದೆ ಅಂತ ನಾನು ಹೇಳುತ್ತಿಲ್ಲ, ಅಂಥದ್ದೇನೂ ನನ್ನ ಕಿವಿಗೆ ಬಿದ್ದಿಲ್ಲ. ಆಗದೇ ಇರುವಾಗಲೇ ಕೇಳಬೇಕು ಅನ್ನಿಸಿತು. ಆಕಾಶದಲ್ಲಿ ಹೊಸ ವಸ್ತು ಉರಿಯುತ್ತಿದ್ದರೆ ಯಾರೇ ಆಗಲಿ ತಲೆಯೆತ್ತಿ ನೋಡೇ ನೋಡುತ್ತಾರೆ. ಇವತ್ತು ನೋಡಬೇಡಿ ಅಂತ ಒಬ್ಬರು ಹೋಗಿ ಹೇಳಬೇಕು, ತೆಲುಗಿನಲ್ಲಿ, ಕನ್ನಡದಲ್ಲಿ, ಡಂಗುರ ಹೊಡೆಸಿಯಾದರೂ ಸರಿ.

ಅಮೆರಿಕದಲ್ಲಿ ಸೇನೆಯವರು ಶಕ್ತಿಶಾಲಿ ಲೇಸರನ್ನು ಆಕಾಶಕ್ಕೆ ಹಾಯಿಸುವ ಮೊದಲು ಲೇಸರ್ ಕ್ಲಿಯರಿಂಗ್‌ಹೌಸ್ ಅನ್ನುವ ಕಚೇರಿಯನ್ನು ಕೇಳಬೇಕು, ಆ ಹೊತ್ತಿನಲ್ಲಿ ಆ ದಿಕ್ಕಿನಲ್ಲಿ ಯಾವುದಾದರೂ ಉಪಗ್ರಹ ಹಾದುಹೋಗುತ್ತಾ ಅಂತ. ನೂರಾರು ಕಿಲೋಮೀಟರ್ ಮೇಲಿನ ಉಪಗ್ರಹದ ಕ್ಯಾಮೆರಾಗೆ ಇಷ್ಟು ಜೋಪಾನ. ನೆಲದ ಮೇಲಿನ ಕಣ್ಣಿಗೂ ಅಷ್ಟೇ ಬೇಕು. ವಿಮಾನದ ಪೈಲಟ್‌ಗಳ ಕಷ್ಟವಂತೂ ಈಗಲೇ ಇದೆ: 2023ರಲ್ಲಿ ಅಮೆರಿಕ ಒಂದರಲ್ಲೇ ಪೈಲಟ್‌ಗಳ ಮೇಲೆ ಲೇಸರ್ ಬಿಟ್ಟ 13,304 ದೂರು ದಾಖಲಾದವು, ಅವುಗಳಲ್ಲಿ ಹೆಚ್ಚಿನವು ಕೈಯಲ್ಲಿ ಹಿಡಿಯುವ ಚಿಕ್ಕ ಲೈಟುಗಳ ಕತೆ. ಅದೇ ವರ್ಷ ಫೆಬ್ರವರಿಯಲ್ಲಿ ಚೀನಾದ ಕರಾವಳಿ ಕಾವಲಿನ ಹಡಗು ಫಿಲಿಪೈನ್ಸ್‌ನ ಹಡಗಿನ ಮೇಲೆ ಹಸಿರು ಲೇಸರ್ ಬಿಟ್ಟು ಅಲ್ಲಿದ್ದವರಿಗೆ ಸ್ವಲ್ಪ ಹೊತ್ತು ಕಣ್ಣೇ ಕಾಣದಂತೆ ಮಾಡಿತು ಅಂತ ಫಿಲಿಪೈನ್ಸ್ ದೂರಿತು. ನಿಯಮ ಸಡಿಲ ಇರುವ ಕಡೆ ಜನ ಎಲ್ಲಿಯವರೆಗೆ ಹೋಗುತ್ತಾರೆ ಅನ್ನೋದಕ್ಕೆ ಇದು ಸಾಕು. ನಮ್ಮವರು ಹಾಗಾಗಬಾರದು.

ಮತ್ತೆ ಈ ಆಯುಧ ಗಡಿಯಲ್ಲಿ ಮಾತ್ರ ಇರುವುದೂ ಅಲ್ಲ. 2020ರ ಸ್ವಾತಂತ್ರ್ಯ ದಿನಾಚರಣೆಗೆ ದೆಹಲಿಯ ಕೆಂಪು ಕೋಟೆಯ ಬಳಿ ನಿಮ್ಮ ಡ್ರೋನ್ ನಿಗ್ರಹ ವ್ಯವಸ್ಥೆ ಇಟ್ಟಿದ್ದಿರಿ, ಅದರಲ್ಲಿ ಲೇಸರ್ ಕೂಡ ಇತ್ತು. ಆ ವ್ಯವಸ್ಥೆಯನ್ನು ಈಗ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ತಯಾರಿಸುತ್ತದೆ. ನಾಳೆ ನಮ್ಮ ಊರಿನ ದೊಡ್ಡ ಸಮಾರಂಭಕ್ಕೂ ಬರಬಹುದು, ಬರಲಿ. ಆದರೆ ಸುತ್ತ ಗಾಜಿನ ಕಟ್ಟಡ, ಮಹಡಿಗಳ ಮೇಲೆ ನಿಂತು ನೋಡುವ ಜನ. ಊರಿನೊಳಗೆ ಯಾವ ಕೋನಕ್ಕಿಂತ ಕೆಳಗೆ ಕಿರಣ ಹಾಯಿಸುವಂತಿಲ್ಲ ಅನ್ನುವ ನಿಯಮ ಇದೆಯಾ? ಇದ್ದರೆ ಹೇಳಿ, ನಾನೇ ನಾಲ್ಕು ಜನಕ್ಕೆ ತಿಳಿಸುತ್ತೇನೆ.

ಇನ್ನು ಬೆಳಕಿನ ಬದಲು ರೇಡಿಯೋ ತರಹದ ಅಲೆ ಬಳಸುವ ಮೈಕ್ರೋವೇವ್ ಆಯುಧಗಳ ವಿಷಯಕ್ಕೆ ಬರುತ್ತೇನೆ. ಇದು ನನ್ನ ಕ್ಷೇತ್ರ ಅಲ್ಲ, ಹಾಗಾಗಿ ಚಿಕ್ಕದಾಗಿ. ಆ ಅಲೆ ಹುಟ್ಟಿಸುವ ಮೈಕ್ರೋವೇವ್ ಟ್ಯೂಬ್‌ಗಳ ಸಂಶೋಧನೆಗೆ ಅಂತಲೇ ನಿಮ್ಮ ಒಂದು ಪ್ರಯೋಗಾಲಯ ಬೆಂಗಳೂರಿನಲ್ಲಿದೆ, ಜಾಲಹಳ್ಳಿಯ ಬಿಇಎಲ್ ಆವರಣದಲ್ಲಿ. ಜೋರಾದ ಮೈಕ್ರೋವೇವ್ ಮಿಡಿತ ಬಿಟ್ಟರೆ ಡ್ರೋನಿನೊಳಗಿನ ಸರ್ಕ್ಯೂಟ್ ಕೆಡುತ್ತದೆ, ಗುಂಪಾಗಿ ಬಂದರೂ ಒಟ್ಟಿಗೆ ಬೀಳುತ್ತವೆ, ಒಂದೊಂದಕ್ಕೇ ಗುರಿ ಇಡಬೇಕಿಲ್ಲ. ಒಳ್ಳೆಯದೇ. ಆದರೆ ಒಂದೊಂದಕ್ಕೇ ಗುರಿ ಇಡದ ಆಯುಧಕ್ಕೆ ಡ್ರೋನಿನ ಸರ್ಕ್ಯೂಟ್ ಯಾವುದು, ಎದೆಯೊಳಗೆ ಪೇಸ್‌ಮೇಕರ್ ಇಟ್ಟುಕೊಂಡ ಅಜ್ಜನ ಸರ್ಕ್ಯೂಟ್ ಯಾವುದು ಅಂತ ಗೊತ್ತಾಗುವುದಿಲ್ಲ. ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಜಾಸ್ತಿ ಚಿಂತೆ ಇರುವುದು ಮನುಷ್ಯರ ಮೇಲೆಯೇ ಬಿಡುವ ಕಿರಣದ್ದು. ಅಮೆರಿಕ ಆಕ್ಟಿವ್ ಡಿನಾಯಲ್ ಸಿಸ್ಟಂ ಅಂತ ಒಂದು ಮಾಡಿದೆ. 95 ಗಿಗಾಹರ್ಟ್ಸ್ ಅಲೆ, ಚರ್ಮದೊಳಗೆ ಅರ್ಧ ಮಿಲಿಮೀಟರ್‌ನಷ್ಟೂ ಇಳಿಯುವುದಿಲ್ಲ, ಆದರೆ ಮೈಗೆ ಬೆಂಕಿ ಬಿದ್ದಂತೆ ಉರಿಯುತ್ತದೆ, ಜನ ಓಡಿಬಿಡುತ್ತಾರೆ. ಗಾಯ ಆಗಲ್ಲ ಅಂತಾರೆ. 2007ರ ಒಂದು ಪರೀಕ್ಷೆಯಲ್ಲಿ ಅಳತೆ ಮೀರಿ ಬಿಟ್ಟಿದ್ದರಿಂದ ಅವರ ವಾಯುಪಡೆಯವನೊಬ್ಬನ ಕಾಲು ಸುಟ್ಟಿತು. 2010ರಲ್ಲಿ ಅಫ್ಘಾನಿಸ್ತಾನಕ್ಕೆ ಕಳಿಸಿ, ಒಮ್ಮೆಯೂ ಬಳಸದೆ ವಾಪಸ್ ತಂದರು. ಸಾಯಿಸುವುದಿಲ್ಲ ಅನ್ನುವ ಆಯುಧಗಳ ಬಗ್ಗೆ ನನಗೆ ಭಯ ಇದೆ, ಯಾಕಂದರೆ ಸಾಯಿಸುವುದಿಲ್ಲ ಅಂತ ಬಳಸುವ ಕೈ ಸಲೀಸಾಗಿ ಏಳುತ್ತದೆ. 2016ರಲ್ಲಿ ಕಾಶ್ಮೀರದಲ್ಲಿ ಪೆಲೆಟ್ ಗನ್ನಿನಿಂದ ನೂರಾರು ಜನರ ಕಣ್ಣಿಗೆ ಪೆಟ್ಟಾಯಿತು, ಅದರಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರು. ಅದೂ ಸಾಯಿಸದ ಆಯುಧ ಅಂತಲೇ ಕೊಟ್ಟದ್ದು. ನಮ್ಮ ಮೈಕ್ರೋವೇವ್ ಸಂಶೋಧನೆ ಯಂತ್ರಗಳ ಮೇಲೆ ಮಾತ್ರ, ಜನರ ಗುಂಪಿನ ಮೇಲೆ ಯಾವತ್ತೂ ಅಲ್ಲ ಅಂತ ಒಂದು ಮಾತನ್ನು ನೀವು, ಅಥವಾ ರಕ್ಷಣಾ ಸಚಿವರು, ಸಂಸತ್ತಿನಲ್ಲಿ ಹೇಳಬೇಕು. ಲಿಖಿತ ಉತ್ತರ ಆದರೂ ಸಾಕು.

ಮಾತಾಡದಿದ್ದರೆ ಏನಾಗುತ್ತೆ ಅಂತ 2020ರ ನವೆಂಬರ್‌ನಲ್ಲಿ ನೋಡಿದ್ದೇವೆ. ಲಡಾಖ್‌ನಲ್ಲಿ ಚೀನಾ ಮೈಕ್ರೋವೇವ್ ಆಯುಧ ಬಿಟ್ಟು ನಮ್ಮ ಸೈನಿಕರನ್ನು ಬೆಟ್ಟದಿಂದ ಓಡಿಸಿತು ಅಂತ ಚೀನಾದ ಪ್ರೊಫೆಸರೊಬ್ಬರು ಹೇಳಿದ್ದು ಎಲ್ಲ ಕಡೆ ಹಬ್ಬಿತು. ನಮ್ಮ ಬೀದಿಯಲ್ಲಿ ಮಗ ಲೇಹ್‌ನಲ್ಲಿದ್ದ ಒಬ್ಬರು ಎರಡು ದಿನ ಊಟ ಬಿಟ್ಟಿದ್ದರು, ನನ್ನನ್ನು ಕೇಳಿದರು, ಕಣ್ಣಿಗೆ ಏನಾದ್ರೂ ಆಗುತ್ತಾ ಮೇಡಂ ಇದರಿಂದ ಅಂತ. ಆಮೇಲೆ ಸೇನೆ ಇದು ಸುಳ್ಳು ಸುದ್ದಿ ಅಂತ ನೇರವಾಗಿ ಹೇಳಿತು. ಒಂದೇ ಸಾಲು. ಅವರು ಅವತ್ತು ಊಟ ಮಾಡಿದರು. ಕಾಣದ, ಕೇಳದ ಆಯುಧದ ಸುತ್ತ ವದಂತಿ ಹುಟ್ಟುವುದು ಬಹಳ ಸುಲಭ, ಯಾರಿಗೆ ತಲೆನೋವು ಬಂದರೂ ಇನ್ನು ಮುಂದೆ ಅದಕ್ಕೇ ಕಟ್ಟುತ್ತಾರೆ. ನೀವು ಮೊದಲೇ ಮಾತಾಡಿದರೆ ಆ ದಾರಿ ಮುಚ್ಚುತ್ತದೆ.

ಕೊನೆಗೆ ನನ್ನ ಕೆಲಸಕ್ಕೆ ಬೇಕಾದ ಒಂದು ಸಣ್ಣ ಕೋರಿಕೆ. ನಿಮ್ಮ ಮೈದಾನಗಳ ಸುತ್ತಲಿನ ಜಿಲ್ಲೆಗಳಲ್ಲಿ ಇರುವ ಕಣ್ಣಿನ ಆಸ್ಪತ್ರೆಗಳಿಗೆ, ಸೇನಾ ನೆಲೆಗಳ ಹತ್ತಿರದ ಕ್ಲಿನಿಕ್‌ಗಳಿಗೆ ಒಂದು ಹಾಳೆ ಕಳಿಸಿ. ಯಾರಾದರೂ ದೃಷ್ಟಿಯ ನಡುವೆ ಮಚ್ಚೆ ಅಂತ ಬಂದರೆ ಯಾವ ಪ್ರಶ್ನೆ ಕೇಳಬೇಕು, ಎಷ್ಟು ಗಂಟೆಯೊಳಗೆ ಸ್ಕ್ಯಾನ್ ಆಗಬೇಕು, ನಿಮ್ಮಲ್ಲಿ ಯಾವ ನಂಬರಿಗೆ ಫೋನ್ ಮಾಡಬೇಕು. ಕನ್ನಡದಲ್ಲಿ ಒಂದು ಕಡೆ, ತೆಲುಗಿನಲ್ಲಿ ಇನ್ನೊಂದು ಕಡೆ ಅಚ್ಚು ಹಾಕಿಸಿದರೆ ಸಾಕು. ಆ ಹುಡುಗ ಮೂರು ವಾರ ತಡವಾಗಿ ಬಂದ, ಯಾಕಂದರೆ ಬೆಳಕಿನಿಂದಲೂ ಗಾಯ ಆಗುತ್ತೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಹಾಳೆ ಬಂದ ದಿನವೇ ಅದನ್ನು ನಮ್ಮ ಪರೀಕ್ಷಾ ಕೋಣೆಯಲ್ಲಿ ಅಕ್ಷರದ ಚಾರ್ಟಿನ ಪಕ್ಕ ಅಂಟಿಸುತ್ತೇನೆ.

ಇಂತಿ,
ಬಳ್ಳಾರಿಯ ಒಬ್ಬ ಆಪ್ಟೋಮೆಟ್ರಿಸ್ಟ್